ಮಣ್ಣಿನ ಪಾರಿವಾಳದ ಪಾಠಶಾಲೆ

ಮಾವಿನಕಾಯಿಗೆ ಕಲ್ಲೆಸೆದ ಹುಡುಗನಿಗೆ ತನ್ನ ಕಲ್ಲು ಎತ್ತ ಹೋಯಿತೆಂಬುದು ಕಣ್ಣಿಗೆ ಕಾಣುತ್ತದೆ. ಬಿಲ್ಲುಗಾರನು ಬಿಟ್ಟ ಬಾಣವು ಗುರಿ ತಪ್ಪಿದರೂ ಮರದಲ್ಲಿಯೋ ನೆಲದಲ್ಲಿಯೋ ನಾಟಿಕೊಂಡು ತಪ್ಪಿನ ಅಳತೆಯನ್ನು ತಾನೇ ಸಾರುತ್ತದೆ. ರೈಫಲ್ಲಿನ ಗುಂಡು ಕಾಗದದ ಫಲಕದಲ್ಲಿ ರಂಧ್ರವನ್ನು ಬಿಟ್ಟು, ಎಷ್ಟು ಎಡಕ್ಕೆ, ಎಷ್ಟು ಕೆಳಕ್ಕೆ ಎಂಬ ಲೆಕ್ಕವನ್ನು ಒಪ್ಪಿಸುತ್ತದೆ. ಆದರೆ ಆಕಾಶದಲ್ಲಿ ಹಾರಿಹೋಗುವ ಬಿಲ್ಲೆಯೊಂದಕ್ಕೆ ಚರೆಯ ಕೋವಿಯಿಂದ ಈಡು ಹೊಡೆದು ತಪ್ಪಿದವನಿಗೆ ದೊರೆಯುವ ಉತ್ತರವು ಮೌನವೊಂದೇ. ಬಿಲ್ಲೆಯು ತನ್ನ ಪಾಡಿಗೆ ತಾನು ಸಾಗಿ ದೂರದ ಹುಲ್ಲಿನಲ್ಲಿ ಇಳಿಯುತ್ತದೆ; ಚರೆಗಳು ಎಲ್ಲಿ ಹಾದುಹೋದವೆಂಬುದಕ್ಕೆ ಗುರುತಿಲ್ಲ, ಸಾಕ್ಷಿಯಿಲ್ಲ. ತಪ್ಪಿದೆನೆಂಬುದು ತಿಳಿಯುತ್ತದೆಯೇ ಹೊರತು ಹೇಗೆ ತಪ್ಪಿದೆನೆಂಬುದು ತಿಳಿಯದು. ಆದುದರಿಂದಲೇ ಈ ವಿದ್ಯೆಯಲ್ಲಿ ಹೊಸಬನಾದವನು ಮೊದಲು ಅರಸಬೇಕಾದುದು ಒಳ್ಳೆಯ ಕೋವಿಯನ್ನಲ್ಲ, ತನ್ನ ಹೆಗಲಿನ ಹಿಂದೆ ನಿಂತು ನೋಡಬಲ್ಲ ಇನ್ನೊಂದು ಜೊತೆ ಕಣ್ಣುಗಳನ್ನು.

ಇಂಗ್ಲೆಂಡಿನವರು ಕ್ಲೇ ಪಿಜನ್ ಎಂದು ಕರೆಯುವ, ನಾವು ಮಣ್ಣಿನ ಪಾರಿವಾಳವೆನ್ನಬಹುದಾದ ಈ ಬಿಲ್ಲೆಯಲ್ಲಿ ಇಂದು ಪಾರಿವಾಳವೂ ಇಲ್ಲ, ಮಣ್ಣೂ ಇಲ್ಲ. ಸುಣ್ಣಕಲ್ಲಿನ ಪುಡಿಯನ್ನು ರಾಳದಂಥ ಕಪ್ಪು ಅಂಟಿನಲ್ಲಿ ಕಲಸಿ ಅಚ್ಚಿಗೆ ಹಾಕಿ ತೆಗೆದ, 110 ಮಿಲಿಮೀಟರ್ ಅಗಲದ, 105 ಗ್ರಾಂ ತೂಕದ, ಬೋರಲು ಹಾಕಿದ ತಟ್ಟೆಯನ್ನು ಹೋಲುವ ವಸ್ತುವದು. ಯಂತ್ರದ ತೋಳಿನ ಬಿರುಸನ್ನು ತಡೆದುಕೊಳ್ಳುವಷ್ಟು ಗಟ್ಟಿ, ನಾಲ್ಕು ಚರೆ ತಾಗಿದರೆ ಪುಡಿಯಾಗುವಷ್ಟು ಪೆಡಸು. ಹೆಸರು ಮಾತ್ರ ಹಳೆಯದು, ಆ ಹೆಸರಿನ ಹಿಂದಿರುವ ಕಥೆ ಅಷ್ಟೇನೂ ಹಿತವಾದುದಲ್ಲ. ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲೆಂಡಿನಲ್ಲಿ ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಯಿಂದ ಹಾರಿಬಿಟ್ಟು ಹೊಡೆಯುವ ಪಂದ್ಯಗಳು ನಡೆಯುತ್ತಿದ್ದವು. ಲಂಡನ್ನಿನ ಹೊರವಲಯದ ಈಲಿಂಗಿನ ಪಾನಗೃಹವೊಂದರ ಬಳಿ ನೆಲದ ಗುಳಿಯಲ್ಲಿ ಹಕ್ಕಿಯನ್ನಿರಿಸಿ ಮೇಲೆ ಹಳೆಯ ಟೋಪಿಯನ್ನು ಬೋರಲು ಹಾಕಿ, ದಾರವನ್ನೆಳೆದು ಟೋಪಿಯನ್ನುರುಳಿಸುತ್ತಿದ್ದರೆಂದೂ, ಆ ಪಾನಗೃಹಕ್ಕೆ ‘ಓಲ್ಡ್ ಹ್ಯಾಟ್ಸ್’ ಎಂಬ ಹೆಸರು ಬಂದುದು ಅದರಿಂದಲೇ ಎಂದೂ ಹೇಳುವುದುಂಟು. 1869ರಲ್ಲಿ ಸ್ಥಾಪಿತವಾದ ಲಂಡನ್ನಿನ ಹರ್ಲಿಂಗಮ್ ಕ್ಲಬ್ಬು ಮೊದಲು ಈ ಪಂದ್ಯಕ್ಕಾಗಿಯೇ ಹುಟ್ಟಿದ್ದು. ಹೊಡೆಯುವುದು ನಿಂತು ಶತಮಾನವೇ ಕಳೆದರೂ ಅದರ ಲಾಂಛನದಲ್ಲಿ ಪಾರಿವಾಳವು ಇನ್ನೂ ಉಳಿದಿದೆ. 1900ರ ಪ್ಯಾರಿಸ್ ಒಲಿಂಪಿಕ್ ಕಾಲದಲ್ಲಿಯೂ ಜೀವಂತ ಪಾರಿವಾಳಗಳ ಪಂದ್ಯ ನಡೆಯಿತು. ಕೊನೆಗೆ 1921ರಲ್ಲಿ ಬ್ರಿಟನ್ನಿನ ಸಂಸತ್ತು ಸೆರೆಹಕ್ಕಿಗಳನ್ನು ಬಿಟ್ಟು ಹೊಡೆಯುವುದನ್ನು ಶಾಸನದಿಂದ ನಿಷೇಧಿಸಿತು.

ಶಾಸನ ಬರುವುದಕ್ಕೆ ಬಹಳ ಮೊದಲೇ ಹಕ್ಕಿಗೆ ಬದಲಿಯನ್ನು ಹುಡುಕುವ ಪ್ರಯತ್ನ ಆರಂಭವಾಗಿತ್ತು. ಮೊದಲು ಗಾಜಿನ ಚೆಂಡುಗಳನ್ನು ಚಿಮ್ಮಿಸಿದರು; ಒಡೆದಾಗ ಹಕ್ಕಿಯ ಭ್ರಾಂತಿಯಾಗಲೆಂದು ಕೆಲವಕ್ಕೆ ಪುಕ್ಕಗಳನ್ನು ತುಂಬುತ್ತಿದ್ದುದೂ ಉಂಟು. ಚೂರುಗಾಜು ಹರಡಿದ ಹೊಲ ಯಾರಿಗೂ ಬೇಡವಾಯಿತು. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಎಂಬವನು, ಹುಡುಗರು ಚಪ್ಪಟೆಯಾದ ಚಿಪ್ಪುಗಳನ್ನು ನೀರಿನ ಮೇಲೆ ತೇಲಿಸಿ ಎಸೆಯುತ್ತಿದ್ದುದನ್ನು ಕಂಡು, ಸುಟ್ಟ ಜೇಡಿಯ ಬಿಲ್ಲೆಯನ್ನು ಕಲ್ಪಿಸಿದನೆಂಬುದು ಪ್ರತೀತಿ. ಆ ಮೊದಲ ಬಿಲ್ಲೆಗಳು ಎಷ್ಟು ಗಟ್ಟಿಯಾಗಿದ್ದವೆಂದರೆ, ಚರೆ ತಾಗಿದರೆ ಒಡೆಯದೆ ಗಂಟೆಯಂತೆ ಸದ್ದು ಮಾಡಿ ಮುಂದೆ ಹೋಗುತ್ತಿದ್ದವಂತೆ. ಮಣ್ಣು ಹೋಗಿ ಸುಣ್ಣಕಲ್ಲು ಬಂದರೂ ಭಾಷೆ ಮಾತ್ರ ಬದಲಾಗಲಿಲ್ಲ. ಇಂದಿಗೂ ಬಿಲ್ಲೆಯು ‘ಹಕ್ಕಿ’ಯೇ, ಒಡೆದರೆ ಅದು ‘ಸತ್ತಿತು’, ಒಡೆದೇ ಹೊರಬಂದರೆ ‘ಹಕ್ಕಿಯಲ್ಲ’. ದಾರವೆಳೆಯುವವನು ಎಂದೋ ಮರೆಯಾಗಿ ವಿದ್ಯುತ್ತಿನ ಗುಂಡಿ ಬಂದಿದ್ದರೂ, ಹೊಡೆಯುವವನು ಕೂಗುವುದು ‘ಪುಲ್’, ಅಂದರೆ ‘ಎಳೆ’ ಎಂದೇ.

ಈ ಕ್ರೀಡೆಗೆ ಇಂಗ್ಲೆಂಡಿನಲ್ಲಿ ವ್ಯವಸ್ಥಿತ ರೂಪವನ್ನು ಕೊಟ್ಟ ಸಂಸ್ಥೆ 1928ರಲ್ಲಿ ಸ್ಥಾಪನೆಗೊಂಡ ಕ್ಲೇ ಪಿಜನ್ ಶೂಟಿಂಗ್ ಅಸೋಸಿಯೇಷನ್. ನಿಯಮಗಳನ್ನು ರಚಿಸುವುದು, ಪಂದ್ಯಗಳನ್ನು ನಡೆಸುವುದು, ಬೋಧಕರನ್ನು ತರಬೇತುಗೊಳಿಸುವುದು ಅದರ ಕಾರ್ಯ. ಅದರ ನೆಲೆ ಸರ್ರೆ ಪ್ರಾಂತದ ಬಿಸ್ಲಿ; ರಾಷ್ಟ್ರೀಯ ರೈಫಲ್ ಸಂಘವು 1890ರಲ್ಲಿ ವಿಂಬಲ್ಡನ್ನಿನಿಂದ ಅಲ್ಲಿಗೆ ಬಂದಂದಿನಿಂದ ಬಿಸ್ಲಿ ಎಂಬುದು ಗುರಿಕಾರರಿಗೆ ಒಂದು ಕ್ಷೇತ್ರದಂತಾಗಿದೆ. ಕೋವಿಯನ್ನಿಟ್ಟುಕೊಳ್ಳಲು ಆ ದೇಶದಲ್ಲಿ ಪೊಲೀಸರಿಂದ ಪ್ರಮಾಣಪತ್ರವನ್ನು ಪಡೆಯಲೇಬೇಕು. ಆದರೆ 1968ರ ಬಂದೂಕು ಕಾಯಿದೆಯು ಹೊಸಬನಿಗಾಗಿ ಒಂದು ಚಿಕ್ಕ ಬಾಗಿಲನ್ನು ತೆರೆದಿರಿಸಿದೆ. ಕೃತ್ರಿಮ ಗುರಿಗಳಿಗೆ ಹೊಡೆಯಲು ಪೊಲೀಸ್ ಮುಖ್ಯಾಧಿಕಾರಿ ಒಪ್ಪಿಗೆ ಕೊಟ್ಟಿರುವ ಸ್ಥಳದಲ್ಲಿ, ಒಪ್ಪಿಗೆಯಿರುವ ಹೊತ್ತಿನಲ್ಲಿ, ಪ್ರಮಾಣಪತ್ರವಿಲ್ಲದವನೂ ಚರೆಕೋವಿಯನ್ನು ಬಳಸಬಹುದು. ಬರಿಗೈಯಲ್ಲಿ ಹೋದವನಿಗೆ ಕ್ಲಬ್ಬಿನ ಕೋವಿ, ಕ್ಲಬ್ಬಿನ ತೋಟೆ, ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಮತ್ತು ಒಬ್ಬ ಗುರು, ಇಷ್ಟೂ ದೊರೆಯುವುದು ಈ ಬಾಗಿಲಿನಿಂದಲೇ.

ಅಂಥದೊಂದು ಬಾಗಿಲನ್ನು ನಾನೂ ಒಮ್ಮೆ ದಾಟಿದೆ. ಸ್ನೇಹಿತರೊಬ್ಬರ ಒತ್ತಾಯದಿಂದ ಹೋದ ಆ ಭಾನುವಾರ ಬೆಳಗ್ಗೆ, ಮಂಜು ಇನ್ನೂ ಪೂರ್ತಿಯಾಗಿ ಕರಗದ ಹುಲ್ಲುಗಾವಲಿನ ಅಂಚಿನಲ್ಲಿ ನನ್ನನ್ನು ಎದುರುಗೊಂಡ ವೃದ್ಧ ಬೋಧಕರು ಮೊದಲ ಕಾಲು ಗಂಟೆ ಕೋವಿಯನ್ನು ನನ್ನ ಕೈಗೇ ಕೊಡಲಿಲ್ಲ. ಒಂದರ ಮೇಲೊಂದು ನಳಿಗೆಯಿರುವ ಆ ಜೋಡುನಳಿಗೆಯ ಕೋವಿಯನ್ನು ನಡುವೆ ಮಡಿಸಿ ತೆರೆದು ತೋರಿಸಿ, ಹೊಡೆಯುವ ಜಾಗದಲ್ಲಿ ನಿಂತಾಗಲ್ಲದೆ ಉಳಿದೆಲ್ಲ ಹೊತ್ತಿನಲ್ಲಿಯೂ ಅದು ಹೀಗೆ ಬಾಯಿ ತೆರೆದು ಬರಿದಾಗಿರತಕ್ಕದ್ದೆಂದೂ, ತೆರೆದ ನಳಿಗೆಯೇ ಇಲ್ಲಿ ಒಬ್ಬರಿಗೊಬ್ಬರು ಸಲ್ಲಿಸುವ ನಮಸ್ಕಾರವೆಂದೂ ಅವರು ಹೇಳಿದರು. ಆಮೇಲೆ ಎರಡು ಕೈಗಳ ನಡುವೆ ಸಣ್ಣ ಕಿಂಡಿಯನ್ನು ಮಾಡಿ ಅದರೊಳಗಿಂದ ತಮ್ಮ ಮೂಗನ್ನು ನೋಡುವಂತೆ ತಿಳಿಸಿ, ನನ್ನ ಕಿಂಡಿಯ ಹಿಂದೆ ತಮಗೆ ಕಂಡ ಕಣ್ಣು ಯಾವುದೆಂಬುದನ್ನು ಗುರುತುಹಾಕಿಕೊಂಡರು. ಎರಡು ಕಣ್ಣುಗಳಲ್ಲಿ ಒಂದು ಯಜಮಾನ, ಇನ್ನೊಂದು ಅನುಚರ. ಬಲಗೈಯವನಿಗೆ ಎಡಗಣ್ಣು ಯಜಮಾನನಾಗಿದ್ದರೆ, ಬಲ ಹೆಗಲಿನ ಕೋವಿ ಒಂದು ಕಡೆ ನೋಡುತ್ತಿರುವಾಗ ಕಣ್ಣು ಇನ್ನೊಂದು ಕಡೆಯಿಂದ ಗೆರೆಯೆಳೆಯುತ್ತದೆ. ಅಂಥವನು ಎಡಗಣ್ಣನ್ನು ಮುಚ್ಚಬೇಕು, ಇಲ್ಲವೆ ಕನ್ನಡಕದ ಗಾಜಿಗೆ ಸಣ್ಣ ತೇಪೆ ಅಂಟಿಸಬೇಕು, ಇಲ್ಲವೆ ಎಡ ಹೆಗಲಿನಿಂದಲೇ ಹೊಡೆಯಲು ಕಲಿಯಬೇಕು. ಈ ದೋಷವನ್ನು ಅರಿಯದೆ ವರ್ಷಗಟ್ಟಲೆ ತೋಟೆ ಸುಡುವವರೂ ಉಂಟೆಂದು ಅವರು ನಕ್ಕರು.

ಚರೆಕೋವಿಗೆ ಹಿಂಬದಿಯ ಗುರಿಗಣ್ಣಿಲ್ಲ. ಹೊಡೆಯುವವನ ಕಣ್ಣೇ ಆ ಸ್ಥಾನದಲ್ಲಿರುವುದು. ಕೆನ್ನೆ ಮರಕ್ಕೆ ಪ್ರತಿಸಲವೂ ಒಂದೇ ಕಡೆ ತಾಗದಿದ್ದರೆ ಗುರಿಗಣ್ಣೇ ಜರುಗಿದಂತೆ. ಕೋವಿಯ ಬುಡದ ಉದ್ದ, ಮೇಲಂಚಿನ ಎತ್ತರ, ಅದರ ಓರೆ ಇವೆಲ್ಲವೂ ಮೈಗೆ ಹೊಂದಬೇಕೆನ್ನುವುದು ಇದಕ್ಕಾಗಿ. ದರ್ಜಿಯ ಅಂಗಿಯಂತೆ ಕೋವಿಯನ್ನೂ ಅಳತೆಗೆ ಮಾಡಿಸಿಕೊಳ್ಳುವ ಪದ್ಧತಿ ಅಲ್ಲಿ ಬೆಳೆದುಬಂದುದು ಶೋಕಿಯಿಂದ ಮಾತ್ರವಲ್ಲ. ಹೊಸಬನಿಗೆ 28 ಗ್ರಾಮಿನ ಬದಲು 21 ಗ್ರಾಂ ಚರೆಯ ಹಗುರವಾದ ತೋಟೆಯನ್ನು ಕೊಡುವುದುಂಟು. ಹೆಗಲಿಗೆ ಬಿದ್ದ ಮೊದಲ ಒದೆತದ ಭಯವು ಎರಡನೆಯ ಈಡಿನಲ್ಲಿ ಕಣ್ಣನ್ನು ಮುಚ್ಚಿಸುತ್ತದೆ. ಕಣ್ಣು ಮುಚ್ಚಿದ ಮೇಲೆ ಯಾವ ಗುರುವೂ ಏನನ್ನೂ ಮಾಡಲಾರನು.

ಮೊದಲ ಹಕ್ಕಿಯು ನನ್ನಿಂದ ನೇರವಾಗಿ ದೂರಕ್ಕೆ ಸಾಗುವಂಥದು, ಅತ್ಯಂತ ಸುಲಭವಾದುದು. ಹೊಡೆದೆ, ಅದು ಹಾರಿಹೋಯಿತು. ಬೋಧಕರು ಎಲ್ಲಿ ತಪ್ಪಿತೆಂದು ಹೇಳಲಿಲ್ಲ, “ಏನು ಕಂಡಿರಿ?” ಎಂದು ಕೇಳಿದರು. ನಳಿಗೆಯ ತುದಿಯ ಮಣಿಯನ್ನು ಕಂಡೆನೆಂದೆ. ಅವರು ತಲೆಯಲ್ಲಾಡಿಸಿದರು. ಆ ಪ್ರಶ್ನೆಯನ್ನು ನಾನು ಎಲ್ಲಿಯೋ ಕೇಳಿದ್ದೇನಲ್ಲವೆ ಎಂದು ಯೋಚಿಸುತ್ತಿದ್ದಾಗ ಆದಿಪರ್ವದ ದ್ರೋಣರು ನೆನಪಾದರು. ಶಿಷ್ಯರನ್ನು ಪರೀಕ್ಷಿಸಲು ಅವರು ಮರದ ತುದಿಯಲ್ಲಿರಿಸಿದ್ದೂ ಶಿಲ್ಪಿಗಳಿಂದ ಮಾಡಿಸಿದ ಕೃತ್ರಿಮ ಪಕ್ಷಿಯೇ. ಅವರು ಕೇಳಿದ್ದೂ ‘ಹೊಡೆಯಬಲ್ಲೆಯಾ’ ಎಂದಲ್ಲ, ‘ಏನನ್ನು ಕಾಣುತ್ತೀಯೆ’ ಎಂದೇ. ಮರವನ್ನೂ ಗುರುವನ್ನೂ ತಮ್ಮಂದಿರನ್ನೂ ಕಂಡ ಧರ್ಮರಾಯನ ಸ್ಥಿತಿ ನನ್ನದಾಗಿತ್ತು. ಕೋವಿಯನ್ನು ನೋಡಿದ ಕ್ಷಣ ಕೈ ನಿಲ್ಲುತ್ತದೆ; ಕೈ ನಿಂತ ಕ್ಷಣ ಹಕ್ಕಿ ಮುಂದಾಗುತ್ತದೆ. ನೋಟವು ಹಕ್ಕಿಯಲ್ಲಿಯೇ ನೆಟ್ಟು, ಕೋವಿಯು ಕೈಬೆರಳಿನಂತೆ ತಾನಾಗಿ ಅದನ್ನು ತೋರಬೇಕೆಂಬುದು ಈ ವಿದ್ಯೆಯ ಮೊದಲ ಸೂತ್ರ.

ದ್ರೋಣರ ಪಕ್ಷಿ ನಿಂತಿತ್ತು, ಇದು ನಿಲ್ಲುವುದಿಲ್ಲ. ಎರಡನೆಯ ಸೂತ್ರ ಹುಟ್ಟುವುದು ಇಲ್ಲಿ. 30 ಮೀಟರ್ ದೂರವನ್ನು ಕ್ರಮಿಸಲು ಚರೆಗಳಿಗೆ ಸುಮಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಡ್ಡಲಾಗಿ ಹೋಗುವ ಬಿಲ್ಲೆಯು ಅಷ್ಟರಲ್ಲಿ ಒಂದೂವರೆ ಮೀಟರಿಗೂ ಮಿಗಿಲಾಗಿ, ಒಂದು ಆಳಿನ ಉದ್ದದಷ್ಟು, ಮುಂದೆ ಸರಿದಿರುತ್ತದೆ. ಆದುದರಿಂದ ಹಕ್ಕಿ ಇರುವಲ್ಲಿಗೆ ಹೊಡೆದವನು ಹಕ್ಕಿ ಇದ್ದಲ್ಲಿಗೆ ಹೊಡೆದಂತಾಗುತ್ತದೆ. ಈ ಮುಂದಳತೆಯನ್ನು ಸಾಧಿಸಲು ಮೂರು ಮಾರ್ಗಗಳನ್ನು ಕಲಿಸುತ್ತಾರೆ: ಹಕ್ಕಿಯ ಹಿಂದಿನಿಂದ ಕೋವಿಯನ್ನು ಬೀಸಿಕೊಂಡು ಬಂದು ಅದನ್ನು ದಾಟುತ್ತಿರುವಾಗ ಹೊಡೆಯುವುದು, ಆರಂಭದಿಂದಲೇ ಅಳತೆಯ ಅಂತರದಲ್ಲಿ ಹಕ್ಕಿಯ ಮುಂದೆಯೇ ಸಾಗುವುದು, ಹಕ್ಕಿಯ ಮೇಲೆಯೇ ಕೋವಿಯನ್ನಿರಿಸಿ ಜೊತೆಯಲ್ಲಿ ಸಾಗಿ ಕೊನೆಯಲ್ಲಿ ಮುಂದಕ್ಕೆ ಚಿಮ್ಮುವುದು. ಮೂರರಲ್ಲಿಯೂ ಈಡಾದ ಮೇಲೂ ಬೀಸು ನಿಲ್ಲಬಾರದೆಂಬುದು ಸಮಾನ ಧರ್ಮ.

ಗುರುಗಳಲ್ಲಿ ಸಂಪ್ರದಾಯಭೇದವೂ ಇಲ್ಲದಿಲ್ಲ. ಕೋವಿ ತಯಾರಕರಾಗಿಯೂ, ನ್ಯಾಯಾಲಯಗಳಲ್ಲಿ ಬಂದೂಕು ಪರೀಕ್ಷಕರಾಗಿ ಸಾಕ್ಷ್ಯ ನುಡಿಯುತ್ತಿದ್ದವರಾಗಿಯೂ ಹೆಸರಾಗಿದ್ದ ರಾಬರ್ಟ್ ಚರ್ಚಿಲ್ಲರ ಮತದಲ್ಲಿ, ಮುಂದಳತೆಯನ್ನು ಎಣಿಸುವುದೇ ತಪ್ಪು. ಕಣ್ಣು ಹಕ್ಕಿಯ ಮೇಲಿದ್ದರೆ ಮೈಯ ಬೀಸು ತಾನಾಗಿ ಕೋವಿಯನ್ನು ಮುಂದಕ್ಕೊಯ್ಯುತ್ತದೆ, ಹಕ್ಕಿ ಹೋದ ಕಡೆಯ ಕಾಲಿಗೆ ಮೈಭಾರವೂ ಸರಿಯುತ್ತದೆ. 1901ರಲ್ಲಿ ಆರಂಭವಾದ ವೆಸ್ಟ್ ಲಂಡನ್ ಶೂಟಿಂಗ್ ಸ್ಕೂಲಿನಲ್ಲಿ ಬಹುಕಾಲ ಮುಖ್ಯ ಬೋಧಕರಾಗಿದ್ದ ಪರ್ಸಿ ಸ್ಟ್ಯಾನ್‌ಬರಿಯವರಾದರೋ ಹಕ್ಕಿ ಎತ್ತ ಹೋದರೂ ಭಾರವು ಮುಂಗಾಲಿನ ಮೇಲೆಯೇ ಇರಬೇಕೆಂದು ಬೋಧಿಸಿದರು. ಇಂದಿನ ಬೋಧಕರು ಶಿಷ್ಯನ ಮೈಕಟ್ಟನ್ನು ನೋಡಿ ಎರಡರಿಂದಲೂ ಬೇಕಾದುದನ್ನು ಎತ್ತಿಕೊಳ್ಳುತ್ತಾರೆ.

ಆದರೆ ಯಾವ ಸಂಪ್ರದಾಯದ ಗುರುವಿಗೂ ಇರಬೇಕಾದ ಸಿದ್ಧಿ ಒಂದೇ: ತಪ್ಪಿದ ಈಡನ್ನು ಕಾಣುವುದು. ತೋಟೆಯಿಂದ ಹೊರಟ 300ಕ್ಕೂ ಹೆಚ್ಚು ಚರೆಗಳು ಬೆಳಕು ಅನುಕೂಲವಾಗಿದ್ದರೆ ಕ್ಷಣಾರ್ಧದ ಒಂದು ನಸುಬೂದು ಛಾಯೆಯಾಗಿ ಗೋಚರಿಸುತ್ತವೆ. ಹೊಡೆಯುವವನ ಹೆಗಲಿನ ಹಿಂದೆ, ನಳಿಗೆಯ ಗೆರೆಗೆ ಕಣ್ಣನ್ನು ಸೇರಿಸಿ ನಿಂತವನಿಗೆ ಮಾತ್ರ ಅದು ಕಾಣುವುದು. ಒದೆತ ತಿನ್ನುವವನಿಗೆ ಕಾಣದು. “ಹಿಂದೆ, ಎರಡು ಅಡಿ” ಎಂದು ನನ್ನ ಬೋಧಕರು ಹೇಳಿದಾಗ ಅದು ನನಗೆ ಜ್ಯೋತಿಷ್ಯದಂತೆ ತೋರಿತು. ಅವರ ಮಾತಿನಂತೆ ಮುಂದೆ ಬೀಸಿದಾಗ ಬಿಲ್ಲೆಯು ಕಪ್ಪು ಹೊಗೆಯಾಗಿ ಚದುರಿದ್ದನ್ನು ಕಂಡ ಮೇಲೆ ಅದು ಶಾಸ್ತ್ರವೆಂದು ನಂಬಿದೆ. ಅವರು ಒಂದು ಸಲಕ್ಕೆ ಒಂದು ತಪ್ಪನ್ನಲ್ಲದೆ ಎರಡನ್ನು ತಿದ್ದಲಿಲ್ಲ. ನಾನು ಕಂಗೆಟ್ಟಾಗಲೆಲ್ಲ ಮತ್ತೆ ಆ ಮೊದಲಿನ ಸುಲಭದ ಹಕ್ಕಿಯನ್ನು ಹಾರಿಸಿ, ಅದನ್ನು ಒಡೆಯಗೊಟ್ಟು, ಧೈರ್ಯವನ್ನು ಹಿಂದಕ್ಕೆ ಕೊಟ್ಟು, ಆಮೇಲೆಯೇ ಅಡ್ಡಹಕ್ಕಿಯ ಬಳಿಗೆ ಕರೆದೊಯ್ದರು. ಅರ್ಧವೃತ್ತದ ಏಳು ನಿಲ್ದಾಣಗಳ ನಡುವೆ ಎರಡು ಗೂಡುಗಳಿಂದ ಹಕ್ಕಿಗಳು ಎದುರುಬದುರಾಗಿ ಹಾರುವ ಸ್ಕೀಟ್, ಎದುರಿನ ತಗ್ಗಿನಿಂದ ಎತ್ತೆಂದು ತಿಳಿಯದಂತೆ ಚಿಮ್ಮುವ ಟ್ರ್ಯಾಪ್, ನೆಲದ ಮೇಲೆ ಮೊಲದಂತೆ ಉರುಳುವ, ಬಾತಿನಂತೆ ನೆಟ್ಟಗೆ ಏಳುವ ಸ್ಪೋರ್ಟಿಂಗ್, ಇವೆಲ್ಲ ಮುಂದಿನ ತರಗತಿಗಳು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಗೌರವ ತಂದವರಲ್ಲಿ ಮೊದಲಿಗರು ಐದು ಒಲಿಂಪಿಕ್‌ಗಳಲ್ಲಿ ಸ್ಪರ್ಧಿಸಿದ, 1962ರ ಕೈರೋ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ರಜತ ಪಡೆದ ಬಿಕಾನೇರಿನ ಕರ್ಣಿ ಸಿಂಗ್. ದೆಹಲಿಯ ತುಘಲಕಾಬಾದಿನ ಶೂಟಿಂಗ್ ಅಂಗಣಕ್ಕಿರುವುದು ಅವರದೇ ಹೆಸರು. 2002ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡ್ ಚಿನ್ನ ಗೆದ್ದದ್ದು ಮೇಲೆ ಹೇಳಿದ ಬಿಸ್ಲಿಯಲ್ಲಿಯೇ; ಎರಡು ವರ್ಷಗಳ ಅನಂತರ ಅಥೆನ್ಸಿನಲ್ಲಿ, ಎರಡು ಬಿಲ್ಲೆಗಳು ಜೊತೆಯಾಗಿ ಹಾರುವ ಡಬಲ್ ಟ್ರ್ಯಾಪಿನಲ್ಲಿ ಅವರು ಪಡೆದದ್ದು ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಒಲಿಂಪಿಕ್ ರಜತ. ಕನ್ನಡನಾಡಿನಲ್ಲಿ ಕೋವಿಯು ಮನೆಯ ದೇವರಂತೆ ಪೂಜೆಗೊಳ್ಳುವುದು ಕೊಡಗಿನಲ್ಲಿ. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೋಕ್ ಪೂ ಎಂಬ ಹೂವಿನಿಂದ ಅಲಂಕೃತವಾದ ಕೋವಿಯಿಂದ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯ ಅಲ್ಲಿಯ ಹಬ್ಬದ ಅಂಗ. ಅಲ್ಲಿಯದು ನಿಂತ ಗುರಿ, ಉಸಿರು ಬಿಗಿಹಿಡಿದು ಕೋವಿಯನ್ನು ಅಲುಗದಂತೆ ನಿಲ್ಲಿಸುವ ವಿದ್ಯೆ. ಇಲ್ಲಿಯದು ಓಡುವ ಗುರಿ, ಕೋವಿಯನ್ನು ನಿಲ್ಲಗೊಡದ ವಿದ್ಯೆ. ಕಾಯಿಗೆ ತಪ್ಪಿದರೆ ಕಾಯಿಯು ಅಲ್ಲಿಯೇ ತೂಗುತ್ತಿದ್ದು ಇನ್ನೊಮ್ಮೆ ಎನ್ನುತ್ತದೆ. ಬಿಲ್ಲೆಯು ಆ ಅವಕಾಶವನ್ನು ಕೊಡುವುದಿಲ್ಲ.

ನನ್ನ 25 ಹಕ್ಕಿಗಳು ಮುಗಿಯುತ್ತ ಬಂದಿದ್ದವು. ಬೋಧಕರು ಮಾತನ್ನು ಕ್ರಮೇಣ ಕಡಿಮೆ ಮಾಡಿದ್ದರು. ತಪ್ಪಿದಾಗ ತಾವು ಹೇಳುವುದನ್ನು ಬಿಟ್ಟು ನನ್ನ ಮುಖವನ್ನು ನೋಡುತ್ತಿದ್ದರು. ಎಲ್ಲಿ ತಪ್ಪಿತೆಂಬುದನ್ನು ಶಿಷ್ಯನೇ ಅರಿಯಲಿ, ಹಿಂದೆ ನಿಂತ ಕಣ್ಣುಗಳು ಅವನ ಒಳಕ್ಕೆ ಬಂದು ಸೇರಲಿ ಎಂಬುದೇ ಈ ಪಾಠದ ಗುರಿಯೆಂದು ನನಗೆ ಆಗ ಹೊಳೆಯಿತು. ಕೊನೆಯ ಹಕ್ಕಿ ಎಡದಿಂದ ಬಲಕ್ಕೆ ಹಾಯ್ದು, ನನ್ನ ಈಡನ್ನು ಲೆಕ್ಕಿಸದೆ, ಓಕ್ ಮರಗಳ ಆಚೆಗೆ ಇಳಿಯಿತು. ಅವರು ಕೇಳುವುದಕ್ಕೆ ಮೊದಲೇ ನಾನು ಸ್ವಲ್ಪ ಹೆಮ್ಮೆಯಿಂದಲೇ, “ಹಿಂದಾಯಿತು” ಎಂದೆ.

“ಇಲ್ಲ, ಮೇಲಾಯಿತು” ಎಂದರು ಅವರು. ಮತ್ತು ತಮ್ಮ ಜೇಬಿನಿಂದ ಇನ್ನೊಂದು ತೋಟೆಯನ್ನು ತೆಗೆದು ನನ್ನ ಅಂಗೈಯಲ್ಲಿರಿಸಿದರು.