ಗಾಯಗೊಂಡ ಮೊಲದ ಶುಶ್ರೂಷೆ

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ಹಟಮಾರಿಗಳನ್ನು ಕುರಿತು ಹೇಳುವುದುಂಟು. ಸಾಕಿದ ಮೊಲವು ನಾಯಿಯ ಬಾಯಿಗೆ ಸಿಕ್ಕಿಯೋ, ಬಾಗಿಲ ಸಂದಿಗೆ ಸಿಲುಕಿಯೋ ಪೆಟ್ಟು ತಿಂದು ಮೂರು ಕಾಲಿನಲ್ಲಿ ಕುಂಟುತ್ತ ಬಂದಾಗ ಈ ಹಟವು ಮನೆಯವರಲ್ಲಿಯೇ ತಲೆದೋರುತ್ತದೆ. ಅರಸಿನ ಮೆತ್ತಬೇಕೆಂದು ಒಬ್ಬರು, ಬಿಸಿನೀರಿನಲ್ಲಿ ಮೀಯಿಸಬೇಕೆಂದು ಇನ್ನೊಬ್ಬರು, ಮನುಷ್ಯರ ಮಾತ್ರೆಯನ್ನು ಅರ್ಧ ಮಾಡಿ ನುಂಗಿಸಬೇಕೆಂದು ಮತ್ತೊಬ್ಬರು ವಾದಿಸುತ್ತಾರೆ. ಮೊಲದ ದೇಹಧರ್ಮವನ್ನು ಅರಿತರೆ ಈ ಮೂರೂ ಏಕೆ ಸಲ್ಲವೆಂಬುದೂ, ಸಲ್ಲುವ ಉಪಚಾರ ಯಾವುದೆಂಬುದೂ ತಾನಾಗಿ ತಿಳಿದುಬರುತ್ತದೆ.

ಮೊದಲು ಒಂದು ಭೇದವನ್ನು ಹೇಳಬೇಕು. ಉಡುಪಿ, ಮಣಿಪಾಲ, ಕಾಪುಗಳ ಮನೆಗಳಲ್ಲಿ ಸಾಕುವ ಮೊಲವು ಮೂಲತಃ ಈ ನೆಲದ್ದಲ್ಲ. ಐಬೀರಿಯ ಪರ್ಯಾಯದ್ವೀಪದಲ್ಲಿ ಬಿಲ ತೋಡಿ ಬಾಳುವ ಮೊಲದ ಸಂತತಿಯದು. ಕಾರ್ಕಳದ ಕಡೆಯ ಗುಡ್ಡ, ಹಾಡಿಗಳಲ್ಲಿ ಓಡಾಡುವ ಕಾಡುಮೊಲವು ಬೇರೊಂದು ಜಾತಿ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಗಾಯಗೊಂಡು ಕೈಗೆ ಸಿಕ್ಕಿದರೂ ಅದನ್ನು ಮನೆಯಲ್ಲಿಟ್ಟುಕೊಳ್ಳದೆ ಅರಣ್ಯ ಇಲಾಖೆಗೆ ಒಪ್ಪಿಸತಕ್ಕದ್ದು. ನಾವಿಲ್ಲಿ ಹೇಳುವುದೆಲ್ಲ ಸಾಕುಮೊಲವನ್ನು ಕುರಿತದ್ದು.

ಮೊಲವು ಅನ್ಯಪ್ರಾಣಿಗಳಿಗೆ ಆಹಾರವಾಗುವ ಜೀವಿ. ತನ್ನ ನೋವನ್ನು ಅಡಗಿಸುವುದು ಅದರ ಹುಟ್ಟುಗುಣ. ಕೂಗದು, ನರಳದು, ಬೆನ್ನನ್ನು ಗೂನುಮಾಡಿ, ಕಣ್ಣನ್ನು ಅರೆಮುಚ್ಚಿ, ಹಲ್ಲು ಕಡಿಯುತ್ತ ಮೂಲೆ ಹಿಡಿಯುತ್ತದೆ. ಎಷ್ಟೋ ಸಲ ಅದು ಸಾಯುವುದು ಗಾಯದಿಂದಲ್ಲ. ಗಾಯದ ಬೆನ್ನಿಗೆ ಬರುವ ಭಯ, ಶರೀರದ ಶಾಖದ ಏರುಪೇರು, ಕರುಳಿನ ಸ್ತಂಭನ ಎಂಬ ಮೂರರಿಂದ. ಮನೆಯ ಶುಶ್ರೂಷೆಯೆಂದರೆ ಪಶುವೈದ್ಯರ ಬಳಿಗೆ ಮುಟ್ಟುವ ತನಕ, ಮುಟ್ಟಿಬಂದ ಮೇಲೆಯೂ, ಈ ಮೂರನ್ನು ದೂರವಿಡುವುದೇ ಆಗಿದೆ.

ಭಯದ ಮಾತನ್ನು ಮೊದಲು ನೋಡೋಣ. ಬೆಕ್ಕಿನ ಎಲುಬುಗಳ ತೂಕವು ಅದರ ದೇಹತೂಕದಲ್ಲಿ ಶೇಕಡ 12-13ರಷ್ಟಿದ್ದರೆ ಮೊಲದಲ್ಲಿ 7-8ರಷ್ಟು ಮಾತ್ರ. ಎಲುಬು ಹಗುರ, ಹಿಂಗಾಲಿನ ಸ್ನಾಯುಗಳಾದರೋ ಬಹು ಬಲಿಷ್ಠ. ಹೆದರಿದ ಮೊಲವು ಹಿಂಭಾಗಕ್ಕೆ ಆಧಾರವಿಲ್ಲದೆ ಕಾಲನ್ನು ಝಾಡಿಸಿದಾಗ ಆ ಬಲವು ಸನ್ನೆಗೋಲಿನಂತೆ ಸೊಂಟದೆಡೆಯ ಬೆನ್ನೆಲುಬಿನ ಮೇಲೆ ಬಿದ್ದು, ಎಲುಬು ಮುರಿಯಬಹುದು. ಆದುದರಿಂದ ಕಿವಿ ಹಿಡಿದು ಎತ್ತಲೇಬಾರದು. ಟವೆಲನ್ನು ಹೊದಿಸಿ, ಒಂದು ಕೈಯನ್ನು ಎದೆಯ ಕೆಳಗೂ ಇನ್ನೊಂದನ್ನು ಹಿಂಭಾಗದ ಕೆಳಗೂ ಕೊಟ್ಟು, ಮೈಗೆ ಒತ್ತಿಕೊಂಡು ಎತ್ತಬೇಕು. ಬಳಿಕ ಮಂದಬೆಳಕಿನ, ಸದ್ದಿಲ್ಲದ ಕೋಣೆಯಲ್ಲಿ ಚಿಕ್ಕ ಪೆಟ್ಟಿಗೆಯೊಳಗಿರಿಸಿ, ನಾಯಿ ಬೆಕ್ಕುಗಳನ್ನೂ ಕುತೂಹಲಿಗಳಾದ ಮಕ್ಕಳನ್ನೂ ದೂರವಿಡಬೇಕು.

ರಕ್ತ ಸೋರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಐದು ನಿಮಿಷ ಎಡೆಬಿಡದೆ ಒತ್ತಿ ಹಿಡಿಯಬೇಕು. ನಡುನಡುವೆ ಎತ್ತಿ ನೋಡಿದರೆ ಹೆಪ್ಪುಗಟ್ಟತೊಡಗಿದ ರಕ್ತ ಕಿತ್ತುಬರುತ್ತದೆ. ಒಂದೂವರೆ ಕಿಲೋಗ್ರಾಂ ತೂಕದ ಮೊಲದಲ್ಲಿರುವ ರಕ್ತವೆಲ್ಲ ಸೇರಿ ನೂರು ಮಿಲಿಲೀಟರಿಗೂ ಕಡಿಮೆ; ನಮಗೆ ಅಲ್ಪವೆಂದು ಕಾಣುವ ನಷ್ಟ ಅದಕ್ಕೆ ಅಲ್ಪವಲ್ಲ. ರಕ್ತ ನಿಂತ ಮೇಲೆ, ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟವಾದ ಒಂದು ಟೀ ಚಮಚ ಉಪ್ಪನ್ನು ಬೆರೆಸಿ ಗಾಯವನ್ನು ತೊಳೆಯಬಹುದು. ಈ ದ್ರಾವಣದ ಉಪ್ಪಿನ ಅಂಶ ದೇಹದ್ರವದ್ದಕ್ಕೆ ಸಮೀಪವಾದುದರಿಂದ ಜೀವಕೋಶಗಳು ಉಬ್ಬುವುದೂ ಇಲ್ಲ, ಬತ್ತುವುದೂ ಇಲ್ಲ. ಅರಸಿನವೇ ಆಗಲಿ, ಮುಲಾಮೇ ಆಗಲಿ ಮೆತ್ತಿದರೆ ಮೊಲವು ಅದನ್ನು ನೆಕ್ಕಿ ನುಂಗುತ್ತದೆ. ಅಂಟಿಕೊಂಡ ರೋಮ ಕೊಳೆಯನ್ನು ಹಿಡಿದಿಡುತ್ತದೆ.

ಇನ್ನು ಶಾಖದ ವಿಚಾರ. ಆರೋಗ್ಯವಂತ ಮೊಲದ ಉಷ್ಣತೆ ಸುಮಾರು 38.5ರಿಂದ 40 ಡಿಗ್ರಿ ಸೆಂಟಿಗ್ರೇಡ್. ಯಾವುದೇ ವಸ್ತುವಿನ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಸಿದರೆ ಅದರ ತೂಕ ಎಂಟು ಮಡಿಯಾಗುತ್ತದೆ, ಹೊರಮೈಯ ವಿಸ್ತೀರ್ಣ ನಾಲ್ಕೇ ಮಡಿಯಾಗುತ್ತದೆ. ಎಂದರೆ ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದಾಗ ಹೊರಮೈ ಹೆಚ್ಚು, ಶಾಖ ಸೋರಿಹೋಗುವ ದಾರಿ ವಿಶಾಲ. ರಕ್ತ ಕಳೆದುಕೊಂಡು ಅಳವಳಿದ ಮೊಲದ ಕಿವಿಗಳು ತಣ್ಣಗಾಗುತ್ತವೆ, ಒಸಡು ಬಿಳುಚುತ್ತದೆ. ಆಗ ಬೆಚ್ಚನೆಯ ನೀರು ತುಂಬಿದ ಶೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದೇ ಬದಿಯಲ್ಲಿಡಬೇಕು. ಕಾವು ಅತಿಯಾದರೆ ಮೊಲಕ್ಕೆ ಸರಿದುಕೊಳ್ಳಲು ಎಡೆಯಿರಬೇಕು. ಮೀಯಿಸುವುದಂತೂ ಕೂಡದು. ರೋಮಗಳ ನಡುವೆ ನಿಂತ ಗಾಳಿಯೇ ಅದರ ಕಂಬಳಿ. ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಸಂಕಟ ಇದಕ್ಕೆ ವಿರುದ್ಧವಾದುದು. ಮೊಲವು ನಮ್ಮಂತೆ ಬೆವರುವುದಿಲ್ಲ. ತೆಳುವಾದ, ರಕ್ತನಾಳಗಳಿಂದ ತುಂಬಿದ ಕಿವಿಗಳ ಮೂಲಕವೇ ಬಹುಪಾಲು ಶಾಖವನ್ನು ಹೊರಚೆಲ್ಲುತ್ತದೆ. ಹೊರಗಿನ ಉಷ್ಣತೆ 30 ಡಿಗ್ರಿಯನ್ನು ಮೀರಿದಾಗ ಈ ಉಪಾಯ ಸಾಲದೆ ಬರುತ್ತದೆ. ಕಿವಿಗಳನ್ನು ತಣ್ಣೀರಿನಿಂದ ಒದ್ದೆಮಾಡಿದರೆ, ಆವಿಯಾಗುವ ಒಂದೊಂದು ಗ್ರಾಂ ನೀರೂ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಆದರೆ ಕಾಪುವಿನಂಥ ಕಡಲತಡಿಯಲ್ಲಿ ಗಾಳಿಯಲ್ಲಿ ತೇವ ಹೆಚ್ಚಾದ್ದರಿಂದ ಆವಿಯಾಗುವಿಕೆ ನಿಧಾನ. ಆದಕಾರಣ ತಣ್ಣನೆಯ ನೆಲ, ನೆರಳು, ಬಟ್ಟೆ ಸುತ್ತಿದ ತಣ್ಣೀರಿನ ಶೀಸೆ ಇವೂ ಬೇಕು. ಮಂಜುಗಡ್ಡೆಯನ್ನು ಮೈಗೆ ತಾಗಿಸಬಾರದು.

ಮೂರನೆಯದು ಕರುಳು. ಮೊಲದ ಜೀರ್ಣಾಂಗವು ನಾರುಳ್ಳ ಮೇವು ಸದಾ ಸಾಗುತ್ತಿದ್ದರೆ ಮಾತ್ರ ಸರಿಯಾಗಿ ನಡೆಯುವ ಯಂತ್ರ. ಅದಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ನೋವು, ಭೀತಿಗಳಿಂದ ಮೇವು ಬಿಟ್ಟರೆ ಕರುಳಿನ ಚಲನೆ ನಿಲ್ಲುತ್ತದೆ, ವಾಯು ತುಂಬುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಹನ್ನೆರಡು ಗಂಟೆಗಳ ಕಾಲ ಮೇವು ಮುಟ್ಟದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ, ಗಾಯ ಎಷ್ಟೇ ಚಿಕ್ಕದಾಗಿರಲಿ, ಅದು ತುರ್ತುಪರಿಸ್ಥಿತಿಯೆಂದೇ ತಿಳಿಯಬೇಕು. ಗರಿಕೆ ಹುಲ್ಲು, ಕೊತ್ತಂಬರಿ ಸೊಪ್ಪು, ತಟ್ಟೆಯಲ್ಲಿ ನೀರು ಬಾಯಿಗೆ ಎಟಕುವಂತಿರಲಿ. ಹಿಕ್ಕೆಗಳನ್ನು ದಿನವೂ ಎಣಿಸುವುದು ನಗೆಯ ಮಾತಲ್ಲ; ಜ್ವರಮಾಪಕದಷ್ಟೇ ನಂಬತಕ್ಕ ಸೂಚಕವದು.

ಔಷಧದ ವಿಷಯದಲ್ಲಿ ಕಟ್ಟೆಚ್ಚರ ಬೇಕು. ಮಣಿಪಾಲದಂಥ ಊರಿನಲ್ಲಿ ಔಷಧದಂಗಡಿಗಳಿಗೆ ಬರವಿಲ್ಲ. ಆದರೆ ಅಮಾಕ್ಸಿಸಿಲಿನ್ ಮೊದಲಾದ ಪೆನಿಸಿಲಿನ್ ವರ್ಗದ ಔಷಧಗಳನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಉಪಕಾರಿ ಜೀವಾಣುಗಳು ನಾಶವಾಗಿ, ವಿಷಕಾರಿಗಳು ಬೆಳೆದು, ಪ್ರಾಣವೇ ಹೋಗಬಹುದು. ನಾಯಿಯ ಉಣ್ಣೆಗೆ ಬಳಸುವ ಫಿಪ್ರೊನಿಲ್ ಸಹ ಮೊಲಕ್ಕೆ ವಿಷ.

ಮಳೆಗಾಲದಲ್ಲಿ ಇನ್ನೊಂದು ಶತ್ರುವುಂಟು: ನೊಣ. ತೇವದ ಗಾಯದ ಮೇಲೆ, ಮೂತ್ರದಿಂದ ಒದ್ದೆಯಾದ ರೋಮದ ಮೇಲೆ ಅದು ಇಟ್ಟ ಮೊಟ್ಟೆಗಳು ಒಂದು ದಿನದೊಳಗೇ ಒಡೆದು, ಹುಳುಗಳು ಮಾಂಸವನ್ನು ಕೊರೆಯತೊಡಗುತ್ತವೆ. ಹಾಸಿನ ಕಾಗದವನ್ನು ಆಗಾಗ ಬದಲಿಸಿ, ಬೆಳಗ್ಗೆ ಸಂಜೆ ಬಾಲದ ಅಡಿಯನ್ನೂ ಗಾಯವನ್ನೂ ಪರೀಕ್ಷಿಸಬೇಕು. ಪೆಟ್ಟಿಗೆಗೆ ಸೊಳ್ಳೆಪರದೆ ಹೊದಿಸಿದರೆ ಒಳ್ಳೆಯದು.

ಮುರಿದ ಕಾಲಿಗೆ ಮನೆಯಲ್ಲಿ ದಬ್ಬೆ ಕಟ್ಟಬಾರದು. ಒದ್ದಾಟದಲ್ಲಿ ಮುರಿತ ಇನ್ನಷ್ಟು ಕೆಡುತ್ತದೆ. ಪೆಟ್ಟಿಗೆಯಲ್ಲಿ ಕದಲದಂತೆ ಕುಳ್ಳಿರಿಸಿ, ಬಿಸಿಲು ತಾಗದಂತೆ ಪಶು ಆಸ್ಪತ್ರೆಗೆ ಒಯ್ಯತಕ್ಕದ್ದು. ಬೆಕ್ಕು ನಾಯಿಗಳ ಕಡಿತ ಹೊರಗೆ ಸೂಜಿಮೊನೆಯಷ್ಟೇ ಕಂಡರೂ ಒಳಗೆ ಆಳವಾಗಿ ಕೀವಾಗುವುದರಿಂದ ಅದನ್ನೂ ಅಂದೇ ತೋರಿಸಬೇಕು. ಹೊರಗೆ ಗಾಯವೇ ಕಾಣದೆ ಹಿಂಗಾಲು ಎಳೆದು ನಡೆದರೆ ಒಂದು ಗಳಿಗೆಯೂ ತಡಮಾಡಬಾರದು. ವೈದ್ಯರು ಕಾಲನ್ನೇ ಕತ್ತರಿಸಬೇಕಾಗಿ ಬಂದರೂ ಧೈರ್ಯಗೆಡಬೇಕಾಗಿಲ್ಲ. ಮೂರು ಕಾಲಿನಲ್ಲಿ ಸುಖವಾಗಿ ಬಾಳುವ ಮೊಲಗಳುಂಟು.

ಚಿಕಿತ್ಸೆಯಾದ ಮರುದಿನ ಅದು ಗರಿಕೆಯ ಎಸಳೊಂದನ್ನು ತಾನಾಗಿ ಎಳೆದು ಮೆಲ್ಲತೊಡಗಿದರೆ, ಗಾಯ ಇನ್ನೂ ಮಾಯದಿದ್ದರೂ, ದೊಡ್ಡ ಗಂಡಾಂತರ ಹಿಂದಾಗುತ್ತಿದೆಯೆಂದು ಆಶಿಸಬಹುದು.