ಜ್ವರದ ಔಷಧಿ: ಇನ್ನೊಂದು ಚಮಚ ಹಾಕಲೇ?

ಹೋದ ಮಳೆಗಾಲದಲ್ಲಿ ನಮ್ಮ ನಾದಿನಿಯ ಮಗನಿಗೆ ರಾತ್ರಿ 102 ಡಿಗ್ರಿ ಜ್ವರ. ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ಅರ್ಧ ಗಂಟೆಯಾದರೂ ಮೈ ಕೆಂಡದ ಹಾಗೇ ಇತ್ತು. “ಅತ್ತಿಗೆ, ಇನ್ನೊಂದು ಚಮಚ ಹಾಕಿಬಿಡ್ಲಾ?” ಅಂದಳು. ನಾನು ಬಾಟಲಿ ಕಿತ್ತುಕೊಂಡೆ.

ನೋಡಿ, ಈ ಔಷಧಿ ಮೈಯನ್ನು ನೇರವಾಗಿ ತಣ್ಣಗೆ ಮಾಡುವುದಿಲ್ಲ. ಮೈ ಎಷ್ಟು ಬಿಸಿಯಿರಬೇಕೆಂದು ಗೊತ್ತುಮಾಡುವ ಜಾಗ ಮಿದುಳಿನಲ್ಲಿದೆ, ಇಸ್ತ್ರಿ ಪೆಟ್ಟಿಗೆಯ ಗುಂಡಿಯಂತೆ. ಸೋಂಕು ತಗುಲಿದರೆ ಗುಂಡಿ ಮೇಲಕ್ಕೆ ತಿರುಗುತ್ತದೆ. ಚಳಿ, ನಡುಕ ಅದಕ್ಕೇ. ಔಷಧಿ ಗುಂಡಿಯನ್ನು ಕೆಳಗಿಳಿಸುತ್ತದೆ ಅಷ್ಟೆ. ಆಮೇಲೆ ಮೈ ಬೆವರಿ ಬಿಸಿ ಹೊರಹಾಕಬೇಕು. ಅದಕ್ಕೆ ಗಂಟೆಯಾದರೂ ಬೇಕು. (ಕಂಬಳಿ ಹೊದಿಸಿ ಬೆವರಿಸುವ ನಮ್ಮತ್ತೆಯ ಪದ್ಧತಿ ಮಾತ್ರ ಬೇಡಿ!)

ಬಾಟಲಿಯ ಚೀಟಿ ಓದಿ. 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಒಂದು ಸಲಕ್ಕೆ ತೂಕದ ಕಿಲೋಗೆ 15 ಮಿಲಿಗ್ರಾಂ ಮೀರಬಾರದು. ನಮ್ಮ ಹುಡುಗ 14 ಕಿಲೋ, ಅಂದರೆ 210. ಮೊದಲ ಚಮಚದಲ್ಲೇ 250 ಹೋಗಿತ್ತು! ಮಿತಿಮೀರಿದರೆ ಲಿವರಿಗೆ ಪೆಟ್ಟು. 4ರಿಂದ 6 ಗಂಟೆ ಬಿಟ್ಟೇ ಮತ್ತೆ ಕೊಡಿ, ದಿನಕ್ಕೆ ನಾಲ್ಕು ಸಲ ಮೀರದಂತೆ. ಕೆಲವು ನೆಗಡಿ ಸಿರಪ್‌ನಲ್ಲೂ ಇದೇ ಔಷಧಿ ಇರುತ್ತೆ, ಎರಡೂ ಒಟ್ಟಿಗೆ ಬೇಡ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು ಬಿಟ್ಟು ನೇರ ಡಾಕ್ಟರ ಹತ್ತಿರ ಹೋಗಿ.

ಗಂಟೆ ಕಳೆದ ಮೇಲೆ ಹುಡುಗನ ಹಣೆ ಬೆವರಿತು. ಎದ್ದು ನೀರು ಕೇಳಿದ.