ಮಂದಿರದಿಂದ ಮಸೀದಿಯವರೆಗೆ ಒಂದು ಊರು

ನಗರಪಾಲಿಕೆ ಎಂದರೆ ನಮಗೆ ನೆನಪಾಗುವುದು ಕಂದಾಯ, ಕಸದ ಗಾಡಿ, ಅಗೆದು ಹಾಗೇ ಬಿಟ್ಟ ರಸ್ತೆ. ಅಹಮದಾಬಾದಿನ ಪಾಲಿಕೆ 1997ರ ನವೆಂಬರ್ 19ರಿಂದ ಇನ್ನೊಂದು ಕೆಲಸವನ್ನೂ ಮೈಮೇಲೆ ಹಾಕಿಕೊಂಡಿದೆ. ಬೆಳಿಗ್ಗೆ ಎಂಟಕ್ಕೆ ಬಂದು ನಿಂತವರನ್ನು ಹಳೇ ಊರಿನೊಳಗೆ ನಡೆಸಿಕೊಂಡು ಹೋಗುವ ಕೆಲಸ. ಕಾಲೂಪುರದ ಸ್ವಾಮಿನಾರಾಯಣ ಮಂದಿರದಲ್ಲಿ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುವ ಈ ‘ಹೆರಿಟೇಜ್ ವಾಕ್’ನ ದೂರ ಸುಮಾರು ಎರಡು ಕಿಲೋಮೀಟರ್, ಹಿಡಿಯುವ ಹೊತ್ತು ಎರಡೂವರೆ ಗಂಟೆ. ಇಷ್ಟು ನಿಧಾನಕ್ಕೆ ಕಾರಣ, ಇಲ್ಲಿ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಸರಸರನೆ ದಾಟಿಸಬೇಕು ಎಂಬುದರಲ್ಲೇ ಗೈಡಿನ ಕಸುಬುಗಾರಿಕೆ ಇದೆ.

ಈ ನಡಿಗೆಯನ್ನು ರೂಪಿಸಿದವರು ವಾಸ್ತುಶಿಲ್ಪಿ ದೇಬಾಶಿಶ್ ನಾಯಕ್. ಕೋಲ್ಕತ್ತದಲ್ಲಿ ಹಳೆಯ ಕಟ್ಟಡಗಳ ಉಳಿವಿಗಾಗಿ ‘ಕ್ರೂಟಾ’ ಎಂಬ ಪ್ರತಿಷ್ಠಾನ ಕಟ್ಟಿದ್ದವರು. ಪಾಲಿಕೆ 1996ರಲ್ಲಿ ಪರಂಪರೆಗೆಂದೇ ಒಂದು ವಿಭಾಗ ತೆರೆದಾಗ ಅವರ ನೆರವು ಪಡೆಯಿತು. ಆ ಹೊತ್ತಿಗೆ ಕೋಟೆಯೊಳಗಿನ ಊರೆಂದರೆ ಊರಿನವರಿಗೇ ಅಸಡ್ಡೆ. ಅನುಕೂಲಸ್ಥರು ಸಾಬರಮತಿ ದಾಟಿ ಪಶ್ಚಿಮದ ಅಪಾರ್ಟ್‌ಮೆಂಟುಗಳನ್ನು ಸೇರಿದ್ದರು. ಬಿಟ್ಟುಹೋದ ಹವೇಲಿಗಳ ಕೆತ್ತನೆಯ ಕಂಬ, ಬೋದಿಗೆ, ಬಾಗಿಲುಗಳು ಒಂದೊಂದಾಗಿ ಕಳಚಿ ಹಳೇ ಸಾಮಾನಿನ ವ್ಯಾಪಾರಿಗಳ ಪಾಲಾಗುತ್ತಿದ್ದವು. ಮೊದಲು ಹೊರಗಿನವರು ಬಂದು ನೋಡಲಿ, ಅವರು ಕತ್ತೆತ್ತಿ ನೋಡುವುದನ್ನು ಕಂಡು ಮನೆಯವರೂ ಒಮ್ಮೆ ಕತ್ತೆತ್ತಲಿ ಎಂಬ ಉಪಾಯ ಇದು. 2017ರ ಜುಲೈನಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಗರವಾಗಿ ಆ ಮನ್ನಣೆ ಪಡೆದ ಭಾರತದ ಮೊದಲ ಊರು ಅಹಮದಾಬಾದ್. ಇಪ್ಪತ್ತು ವರ್ಷ ಬಿಡದೆ ನಡೆದ ಕಾಲುಗಳಿಗೆ ಅದರಲ್ಲಿ ದೊಡ್ಡ ಪಾಲಿದೆ ಎಂದು ನನ್ನ ಎಣಿಕೆ.

ಹೊರಡುವ ಜಾಗವೇ ಬಣ್ಣದ್ದು. ಸ್ವಾಮಿನಾರಾಯಣ ಪಂಥದ ಮೊಟ್ಟಮೊದಲ ಮಂದಿರ ಇದು, 1822ರದ್ದು. ಕಂಬ ಕಂಬಕ್ಕೂ ಕೆತ್ತನೆ, ಕೆತ್ತನೆಗೆಲ್ಲ ಹಳದಿ, ಕೆಂಪು, ಹಸಿರು. ಅಲ್ಲಿಂದ ನಾಲ್ಕು ಹೆಜ್ಜೆ ಹೋದರೆ ಗದ್ದಲ ಕಡಿಮೆಯಾಗಿ ಲಾಂಬೇಶ್ವರ ಪೋಳ ಎಂಬ ಓಣಿಯ ಒಂದು ಸಣ್ಣ ಚೌಕ ಸಿಗುತ್ತದೆ. ಗುಜರಾತಿ ಕವಿ ದಲಪತರಾಮ್ (1820–1898) ವಾಸವಿದ್ದ ಜಾಗ. ಮನೆ ಬಿದ್ದುಹೋಗಿತ್ತು, ಪಾಲಿಕೆ ಅದರ ಮುಂಭಾಗವನ್ನಷ್ಟೇ ಮತ್ತೆ ಕಟ್ಟಿ, ಜಗಲಿಯಲ್ಲಿ ಕವಿಯ ಕಂಚಿನ ಪ್ರತಿಮೆ ಕೂರಿಸಿದೆ. ಪೀಠವಿಲ್ಲ, ಕಟಕಟೆಯಿಲ್ಲ, ಹಾರ ಹಾಕಲು ಏಣಿ ಬೇಕಿಲ್ಲ. ಓಣಿಯ ಮಕ್ಕಳು ಪಕ್ಕದಲ್ಲೇ ಕೂರಬಹುದು. ಕವಿಗಳನ್ನು ವೃತ್ತದ ನಡುವೆ ನಿಲ್ಲಿಸಿ ವಾಹನದ ಹೊಗೆ ಕುಡಿಸುವ ನಮ್ಮ ಊರುಗಳು ಬಂದು ನೋಡಬೇಕಾದದ್ದು.

ಕನ್ನಡಿಗರು ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಬಹುದು. ಅಲೆಕ್ಸಾಂಡರ್ ಫೋರ್ಬ್ಸ್ ಎಂಬ ಬ್ರಿಟಿಷ್ ಅಧಿಕಾರಿಗೆ ಗುಜರಾತಿ ಕಲಿಸಿ, ಹಳೆಯ ಕಥೆ, ಲಾವಣಿ, ಹಸ್ತಪ್ರತಿಗಳನ್ನು ಹುಡುಕಿಕೊಟ್ಟವರು ದಲಪತರಾಮ್. ಅದರಿಂದ 1856ರಲ್ಲಿ ಬಂದ ಗ್ರಂಥ ‘ರಾಸಮಾಲಾ’. ಅಹಮದ್ ಷಾ 1411ರಲ್ಲಿ ತನ್ನ ಹೆಸರಿನ ಊರು ಕಟ್ಟುವುದಕ್ಕೆ ಮುನ್ನೂರು ವರ್ಷ ಮೊದಲೇ ಈ ನದೀತೀರದಲ್ಲಿ ಪಾಟಣದ ಚಾಲುಕ್ಯ ದೊರೆ ಕರ್ಣ ಕಟ್ಟಿಸಿದ ಕರ್ಣಾವತಿ ಇತ್ತಲ್ಲ, ಆ ಕರ್ಣನ ಕಥೆಯೂ ಅದರಲ್ಲಿದೆ. ಅವನ ರಾಣಿ ಮಯಣಲ್ಲದೇವಿ ಗೋವೆಯ ಕದಂಬ ಜಯಕೇಶಿಯ ಮಗಳು. ಬೆಳಗಾವಿಯ ಹಲಸಿಗೆ ಹೋಗಿಬಂದವರಿಗೆ ಈ ಕದಂಬರು ಗೊತ್ತು. ಜೈನ ಪಂಡಿತ ಮೇರುತುಂಗನ ಪ್ರಕಾರ, ಹುಡುಗಿ ಚೆಲುವೆಯಲ್ಲವೆಂದು ಕರ್ಣ ಮದುವೆಗೆ ಒಲ್ಲೆ ಎಂದನಂತೆ. ಅವಳು ಪ್ರಾಣ ಬಿಡಲು ಸಿದ್ಧಳಾದಳು, ಅವನ ತಾಯಿ ಉದಯಮತಿ ‘ಹಾಗಾದರೆ ನಾನೂ’ ಎಂದು ಹಟ ಹಿಡಿದಳು, ದೊರೆ ಸೋತ. ಗುಜರಾತಿನ ಅತಿ ಹೆಸರಾದ ಅರಸು ಸಿದ್ಧರಾಜ ಜಯಸಿಂಹ ಆ ಮದುವೆಯಲ್ಲಿ ಹುಟ್ಟಿದವನು. ಅತ್ತೆ ಉದಯಮತಿ ಬೇರಾರೂ ಅಲ್ಲ, ನಮ್ಮ ನೂರು ರೂಪಾಯಿ ನೋಟಿನ ಹಿಂಬದಿಯಲ್ಲಿರುವ ‘ರಾಣಿ ಕಿ ವಾವ್’ ಕಟ್ಟಿಸಿದವಳು.

ಇನ್ನು ಪೋಳ. ಒಂದೇ ಜಾತಿಯ, ಇಲ್ಲವೇ ಒಂದೇ ಕಸುಬಿನ ಮನೆಗಳು ಒತ್ತೊತ್ತಾಗಿ ಸೇರಿದ ಓಣಿ; ಅದಕ್ಕೊಂದು ಹೆಬ್ಬಾಗಿಲು, ಬಾಗಿಲ ಮೇಲೆ ಕಾವಲುಗಾರನ ಕೋಣೆ. ಹಿಂದೆ ರಾತ್ರಿ ಬಾಗಿಲು ಮುಚ್ಚಿದರೆ ಒಳಗಿನದು ಒಂದು ಪುಟ್ಟ ಊರು. ಇಂಥ ಪೋಳಗಳು ಸುಮಾರು 600 ಇವೆ ಎನ್ನುತ್ತಾರೆ. ಮನೆಯ ಮುಂದೆ ಜಗಲಿ, ನಡುವೆ ಆಕಾಶಕ್ಕೆ ತೆರೆದ ಚೌಕ. ಮಲೆನಾಡಿನ ತೊಟ್ಟಿಮನೆಯನ್ನು ಎರಡೂ ಪಕ್ಕದಿಂದ ಒತ್ತಿ ಮೇಲಕ್ಕೆ ಎಳೆದಂತೆ ಇರುತ್ತದೆ. ಚೌಕದ ಅಡಿಯಲ್ಲಿ ‘ಟಾಂಕಾ’. ಮಾಳಿಗೆಯ ಮಳೆನೀರು ಕೊಳವೆಯಲ್ಲಿಳಿದು ಈ ನೆಲದಡಿಯ ಗಾರೆ ತೊಟ್ಟಿಯಲ್ಲಿ ತುಂಬುತ್ತದೆ. ಬೆಳಕು ಬೀಳದಂತೆ ಮುಚ್ಚಳ ಹಾಕಿಟ್ಟರೆ ವರ್ಷವಿಡೀ ಕುಡಿಯುವ ನೀರು. ಪೋಳದ ಬಯಲಲ್ಲಿ ‘ಚಬೂತರೊ’ ಎಂಬ ಕಂಬದ ಮೇಲಿನ ಗೂಡು. ಮನೆ ಕಟ್ಟಲು ಮರ ಕಡಿದವರು ಹಕ್ಕಿಗಳಿಗೆ ಕಾಳು ಹಾಕಲೆಂದು ಕಟ್ಟಿದ್ದು ಎಂದು ಗೈಡುಗಳು ಹೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಪೋಳದಿಂದ ಪೋಳಕ್ಕೆ ಹಾಯಲು ಗುಟ್ಟಿನ ದಾರಿಯೂ ಇದೆ: ಯಾರದೋ ಮನೆಯ ಬಾಗಿಲೆಂದುಕೊಂಡು ಹೊಕ್ಕರೆ ಇನ್ನೊಂದು ಓಣಿ ತೆರೆದುಕೊಳ್ಳುತ್ತದೆ. ಗಲಾಟೆಯ ದಿನಗಳಲ್ಲಿ ತಪ್ಪಿಸಿಕೊಳ್ಳಲು ಮಾಡಿದ್ದು. ಪ್ರವಾಸಿಗಳ ಮುಖದಲ್ಲಿ ಮೊದಲ ನಗು ಅರಳುವುದು ಇಲ್ಲೇ ಎಂದು ಗೊತ್ತಿರುವ ಗೈಡು ಸುಳಿವು ಕೊಡದೆ ಮುಂದೆ ನಡೆಯುತ್ತಾನೆ.

ಈ ಮನೆಗಳ ಇಟ್ಟಿಗೆ ಗೋಡೆಗಳೊಳಗೆ ಮರದ ತೊಲೆಗಳನ್ನು ಅಡ್ಡಡ್ಡ ಕೂರಿಸಿರುತ್ತಾರೆ. ನೆಲ ಅಲುಗಿದರೆ ಗೋಡೆ ಒಂದಿಷ್ಟು ಬಾಗಿ ನಿಲ್ಲುತ್ತದೆ. 2001ರ ಜನವರಿ 26ರ ಭೂಕಂಪದಲ್ಲಿ ನಗರದ ಹೊಸ ಬಹುಮಹಡಿ ಕಟ್ಟಡಗಳು ಎಷ್ಟೋ ಕುಸಿದವು. ಪೋಳದ ಮನೆಗಳು ಬಹುಮಟ್ಟಿಗೆ ತಡೆದುಕೊಂಡವು. ನಡಿಗೆಯ ದಾರಿಯಲ್ಲೇ ಇರುವ, ಗೌತಮ್ ಮತ್ತು ಗಿರಾ ಸಾರಾಭಾಯಿ ಅರವತ್ತರ ದಶಕದಲ್ಲಿ ಕಟ್ಟಿಸಿದ್ದ ಅತ್ಯಾಧುನಿಕ ‘ಕ್ಯಾಲಿಕೊ ಡೋಮ್’ ಎಂಬ ಗುಮ್ಮಟದ ಬಟ್ಟೆ ಮಳಿಗೆ ಆ ಭೂಕಂಪದಲ್ಲಿ ಜಖಂಗೊಂಡಿತು.

ಮುಂದಿನದು ಬೇಗ ಬೇಗ. ಹಾಜಾ ಪಟೇಲ್ ಪೋಳದಲ್ಲಿ ಕಪ್ಪು ಶಿಲೆಯ ಕಾಳಾರಾಮ, ಜೈನ ಬಸದಿಗಳ ಸಾಲು, ಫರ್ನಾಂಡಿಸ್ ಸೇತುವೆಯ ಕೆಳಗಿನ ಪುಸ್ತಕದಂಗಡಿಗಳು, 1894ರಲ್ಲಿ ಶುರುವಾಗಿದ್ದ ಷೇರುಪೇಟೆಯ ಹಳೆಯ ಕಟ್ಟಡ, ಇನ್ನೂ ಬಾಗಿಲು ತೆರೆಯುತ್ತಿರುವ ಮಾಣೆಕ್ ಚೌಕದ ಅಕ್ಕಸಾಲೆಗಳು. ಕೊನೆಗೆ ಜಾಮಾ ಮಸೀದಿಯ ವಿಶಾಲ ಅಂಗಳ. 1424ರ ಈ ಮಸೀದಿಯ ಒಳಗೆ 260 ಕಂಬಗಳು, ಮೇಲೆ 15 ಗುಮ್ಮಟಗಳು. ಕಂಬಗಳ ಕುಸುರಿ ನೋಡಿದರೆ ಗುಡಿ ಕಟ್ಟಿ ಪಳಗಿದ ಕೈಗಳೇ ಇಲ್ಲೂ ಉಳಿ ಹಿಡಿದಿದ್ದವು ಎನ್ನುವುದು ತಿಳಿಯುತ್ತದೆ. ಮಿನಾರುಗಳು 1819ರ ಭೂಕಂಪಕ್ಕೆ ಉರುಳಿದವು. ಬುಡಗಳು ಮಾತ್ರ ಇವೆ.

ಮಂದಿರದಿಂದ ಮಸೀದಿಗೆ ಎಂಬ ದಾರಿಯನ್ನು ಆರಿಸಿದ್ದು ಸುಮ್ಮನೆ ಅಲ್ಲ. 1969, 1985, 2002ರ ಗಲಭೆಗಳನ್ನು ಕಂಡ ಊರಿನಲ್ಲಿ ಅದು ಗಟ್ಟಿಯಾದ ಮಾತೇ. ಆದರೆ ನಡಿಗೆ ಹೊಕ್ಕುಬರುವ ಓಣಿಗಳು ಹೆಚ್ಚಾಗಿ ಹಿಂದೂ, ಜೈನ ಪೋಳಗಳು. ಮುಸ್ಲಿಮರನ್ನು ನಾವು ಕಾಣುವುದು ಕೊನೆಯ ಮಸೀದಿಯಲ್ಲಿ. ಕೋಟೆಯಾಚೆಯ ಗಿರಣಿ ಕಾರ್ಮಿಕರ ಚಾಳುಗಳು ದಾರಿಗೇ ಸಿಗುವುದಿಲ್ಲ. ಗಂಡಸರು ಜಗಲಿಯಲ್ಲಿ ಹಲ್ಲುಜ್ಜುತ್ತ, ಹೆಂಗಸರು ಬಟ್ಟೆ ಒಣಗಿಸುತ್ತ ಇರುವಾಗ ಕ್ಯಾಮೆರಾ ಹಿಡಿದ ಗುಂಪು ಹಾದುಹೋಗುವುದೂ ನನಗೆ ಸ್ವಲ್ಪ ಇರುಸುಮುರುಸೇ. ಅವರಿಗೆ ಅಭ್ಯಾಸವಾಗಿದೆ ಎಂಬುದು ಪೂರ್ತಿ ಸಮಾಧಾನವಲ್ಲ.

ಹನ್ನೊಂದರ ಮೇಲೆ ನಡೆಯುವ ಹುಮ್ಮಸ್ಸು ಬೇಡ. ಬೇಸಿಗೆಯ ಸೆಕೆಗೆ ಜನ ಸತ್ತದ್ದನ್ನು ಕಂಡು 2013ರಲ್ಲಿ ದಕ್ಷಿಣ ಏಷ್ಯಾದಲ್ಲೇ ಮೊದಲಿಗೆ ‘ಬಿಸಿಲು ಎದುರಿಸುವ ಯೋಜನೆ’ ಮಾಡಿದ ನಗರ ಇದು. ಥಾಲಿ ಉಂಡು ಮಲಗಿ, ಹೊತ್ತು ಇಳಿದ ಮೇಲೆ ಸೀದಿ ಸೈಯದ್ ಮಸೀದಿಗೆ ಹೋಗಬೇಕು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಾಗೆಯೇ ಆಫ್ರಿಕದ ಮೂಲದವನೊಬ್ಬ 1573ರ ಸುಮಾರಿಗೆ ಕಟ್ಟಿಸಿದ್ದು. ಪಡುವಣ ಗೋಡೆಯ ಕಲ್ಲಿನ ಜಾಲಂದ್ರದಲ್ಲಿ ಒಂದು ಮರ ಕೊಂಬೆಗೆ ಕೊಂಬೆ ಹೆಣೆದುಕೊಂಡು ಬೆಳೆದಿದೆ. ಸಂಜೆಯ ಬಿಸಿಲು ಅದರ ಹಿಂದಿನಿಂದ ಬರುತ್ತದೆ. ಎದುರಿಗೇ ಗಿರಣಿ ಮಾಲೀಕ ಮಂಗಳದಾಸ್ ಗಿರಧರದಾಸ್ 1924ರಲ್ಲಿ ಕಟ್ಟಿಸಿದ ಮನೆ, ಈಗ ಹೋಟೆಲು.

ಖಾಸಗಿಯವರು ನಡೆಸುವ ರಾತ್ರಿ ನಡಿಗೆಗಳಲ್ಲಿ ಇತಿಹಾಸ ಕಡಿಮೆ, ಕಥೆ ಜಾಸ್ತಿ. ತೀನ್ ದರ್ವಾಜಾ ಎಂಬ ಹೆಬ್ಬಾಗಿಲಿನ ಗೂಡಿನಲ್ಲಿ ಉರಿಯುವ ದೀಪದ ಕಥೆ ಮಾತ್ರ ತಪ್ಪಿಸಿಕೊಳ್ಳಬಾರದು. ಊರು ಬಿಟ್ಟು ಹೊರಟ ಲಕ್ಷ್ಮಿಯನ್ನು ಕಾವಲಿನ ಕೊತ್ವಾಲ ತಡೆದ. ದೊರೆಯ ಅಪ್ಪಣೆ ತರುತ್ತೇನೆ, ಅಲ್ಲಿವರೆಗೆ ಹೋಗುವುದಿಲ್ಲವೆಂದು ಮಾತು ಕೊಡು ಎಂದ. ಹೋದವನು ತಲೆ ಕೊಟ್ಟ, ವಾಪಸು ಬರಲಿಲ್ಲ. ಲಕ್ಷ್ಮಿ ಇಲ್ಲೇ ಉಳಿದಳು. ಆ ದೀಪಕ್ಕೆ ತಲೆಮಾರುಗಳಿಂದ ಎಣ್ಣೆ ಹಾಕುತ್ತ ಬಂದಿರುವುದು ಒಂದು ಮುಸ್ಲಿಂ ಮನೆತನ. ರಾತ್ರಿ ನಡಿಗೆ ಮುಗಿಯುವುದು ಮತ್ತೆ ಮಾಣೆಕ್ ಚೌಕದಲ್ಲಿ. ಹಗಲಿನ ಚಿನ್ನದಂಗಡಿಗಳು ಮುಚ್ಚಿ, ಅವುಗಳ ಮುಂದೆಯೇ ಕಾವಲಿಗಳು ಕಾದಿರುತ್ತವೆ. ಬೆಣ್ಣೆ, ಚೀಸ್ ಸುರಿದು ಕೊಡುವ ಅಲ್ಲಿನ ದೋಸೆಯನ್ನು ದಾವಣಗೆರೆಯವರು ತಿನ್ನದಿರುವುದು ಕ್ಷೇಮ. ಕುಲ್ಫಿಗೆ ಕೊರತೆ ಹೇಳುವಂತಿಲ್ಲ.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಜನವರಿ 14ರ ಉತ್ತರಾಯಣಕ್ಕೆ ಸಿಕ್ಕಿದರೆ ಓಣಿಯಲ್ಲಿ ಕಾಣುವುದು ಕಡಿಮೆ, ಊರಿಗೆ ಊರೇ ಗಾಳಿಪಟ ಹಿಡಿದು ಮಾಳಿಗೆ ಹತ್ತಿರುತ್ತದೆ. ನದಿಯಾಚೆ ಹೋಗಿ ನೆಲೆಸಿದವರೂ ಅಂದು ಹಳೇ ಮನೆಗೆ ಮರಳುತ್ತಾರೆ. ಮನೆ ಮಾರಿಕೊಂಡವರು ಪೋಳದ ಮಾಳಿಗೆಯನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿಯುತ್ತಾರೆ.